ಹೆಸರಘಟ್ಟ, ಮಂಚನಬೆಲೆ ಕಡೆ ಗ್ರಾವೆಲ್ ಸೈಕಲ್: ಯಾವ ದಾರಿ, ಎಲ್ಲಿಯವರೆಗೆ?

ಪೀಣ್ಯ ಪೆಡಲ್

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಗ್ರಾವೆಲ್ ಬೈಕ್ (ಮಣ್ಣು, ಜಲ್ಲಿ ದಾರಿಗೂ ಆಗುವ ಸೈಕಲ್) ತಗೊಂಡಿದ್ದೇನೆ. 40 ಎಂಎಂ ಟೈರ್, ಡ್ರಾಪ್ ಹ್ಯಾಂಡಲ್. ಇಷ್ಟು ದಿನ ರೋಡ್ ಬೈಕಿನಲ್ಲಿ ನಂದಿ ಬೆಟ್ಟ, ತುಮಕೂರು ರಸ್ತೆ ಅಂತ ಸುತ್ತಿದ್ದಾಯಿತು. ಲಾರಿ ಹೊಗೆ ಕುಡಿದು ಸಾಕಾಗಿದೆ. ಡಾಂಬರು ಬಿಟ್ಟು ಮಣ್ಣಿನ ದಾರಿಯಲ್ಲಿ, ಕೆರೆ ಕಾಡು ನೋಡಿಕೊಂಡು ಅರ್ಧ ದಿನ ತುಳಿಯಬೇಕು ಅಂತ ಆಸೆ.

ಎರಡು ಕಡೆ ಕಣ್ಣಿಟ್ಟಿದ್ದೇನೆ. ಒಂದು ಹೆಸರಘಟ್ಟದ ಕೆರೆ ಮತ್ತು ಹುಲ್ಲುಗಾವಲು. ಇನ್ನೊಂದು ಮಂಚನಬೆಲೆ, ಸಾವನದುರ್ಗದ ಕಾಡಿನ ಕಡೆ. ಹೆಸರಘಟ್ಟವನ್ನು ಸಂರಕ್ಷಣಾ ಮೀಸಲು ಮಾಡುತ್ತಾರೆ ಅಂತ ಪೇಪರಿನಲ್ಲಿ ಓದಿದೆ. ಹಾಗಾದರೆ ಒಳಗೆ ಸೈಕಲ್ ಬಿಡುತ್ತಾರಾ? ದಾರಿ ಗುರುತು ಮಾಡಿದ ಜಿಪಿಎಕ್ಸ್ ಫೈಲ್ ಇದ್ದವರು ದಯವಿಟ್ಟು ಇಲ್ಲಿ ಹಾಕಿ.

ಕೆಮ್ಮಣ್ಣು

ಸ್ವಾಗತ ಗುರು. ಹೆಸರಘಟ್ಟದಿಂದಲೇ ಶುರು ಮಾಡಿ. ಹತ್ತಿರ ಇದೆ, ಏರುಪೇರು ಕಡಿಮೆ, ದಾರಿ ತಪ್ಪಿದರೂ ಯಾವುದಾದರೂ ಊರು ಸಿಗುತ್ತದೆ.

ಚಿಕ್ಕಬಾಣಾವರ ದಾಟಿ ಸೋಲದೇವನಹಳ್ಳಿವರೆಗೆ ಡಾಂಬರೇ. ಬೆಳಿಗ್ಗೆ ಏಳರ ಒಳಗೆ ಈ ಭಾಗ ಮುಗಿಸಿ, ಆಮೇಲೆ ಕಾಲೇಜು ಬಸ್ಸುಗಳ ಕಾಟ ಶುರು. ದಾರಿಯಲ್ಲಿ ಹಳೇ ಇಟ್ಟಿಗೆಯ ಕಾಲುವೆಯ ತುಂಡುಗಳು ಕಾಣುತ್ತವೆ, ಸುಮ್ನೆ ದಾಟಿ ಹೋಗಬೇಡಿ. ಹೆಸರಘಟ್ಟದ ಕೆರೆಯನ್ನು ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಿದರು. ಎರಡು ವರ್ಷದ ಮೇಲೆ ಬೆಂಗಳೂರಿನವರು ಮೊದಲ ಸಲ ನಲ್ಲಿ ನೀರು ಕಂಡಿದ್ದು ಇದೇ ಕೆರೆಯಿಂದ. ನೀರು ಆ ಕಾಲುವೆಯಲ್ಲಿ ತಾನಾಗಿ ಸೋಲದೇವನಹಳ್ಳಿಗೆ ಹರಿದು ಬರುತ್ತಿತ್ತು, ಅಲ್ಲಿಂದ ಪಂಪ್ ಮಾಡುತ್ತಿದ್ದರು. ಅಂದರೆ ನೀವು ನೀರು ಬಂದ ದಾರಿಯಲ್ಲೇ ಎದುರು ದಿಕ್ಕಿಗೆ ತುಳಿಯುತ್ತಿರುತ್ತೀರಿ. ಅದಕ್ಕೇ ಆ ಭಾಗ ಅಷ್ಟು ಸಮತಟ್ಟು.

ಕೆರೆ ಏರಿ ಆದ ಮೇಲೆ ನಿಮಗೆ ಬೇಕಾದ ಮಣ್ಣು ಸಿಗುತ್ತದೆ. ಪೂರ್ವಕ್ಕೆ ಹೋದರೆ ಕಾಕೋಳು, ಬ್ಯಾತ ಕೆರೆ, ಮುಂದೆ ರಾಜಾನುಕುಂಟೆ. ಉತ್ತರಕ್ಕೆ ಹೋದರೆ ಮಧುರೆ, ಕನಸವಾಡಿ ಕಡೆ. ಶನಿಮಹಾತ್ಮನ ದೇವಸ್ಥಾನ ಇದೆಯಲ್ಲ, ಅಲ್ಲೇ. ಶನಿವಾರ ಮಾತ್ರ ಆ ಕಡೆ ತಲೆ ಹಾಕಬೇಡಿ, ಜನಜಂಗುಳಿ. ಈ ಊರುಗಳ ನಡುವೆ ಹೊಲದ ಬದಿಯ ಗಾಡಿದಾರಿಗಳು ಬೇಕಾದಷ್ಟಿವೆ. ರಾಗಿ ಹೊಲ, ಅವರೆ, ನೀಲಗಿರಿ ತೋಪು, ಮಧ್ಯೆ ಒಂದೊಂದು ಗುಂಡುತೋಪು. ನವೆಂಬರಿನಲ್ಲಿ ರಾಗಿ ಕಟಾವಿನ ಸಮಯಕ್ಕೆ ಹೋಗಿ, ಆಮೇಲೆ ನಂದಿ ರಸ್ತೆ ನೆನಪಿಗೇ ಬರಲ್ಲ.

ಜಿಪಿಎಕ್ಸ್ ನಾನು ಹಾಕುವುದಿಲ್ಲ. ಹಳೇ ಫೈಲ್ ಕೆಲಸಕ್ಕೆ ಬರುವುದಿಲ್ಲ. ಉಪಗ್ರಹ ಚಿತ್ರದಲ್ಲಿ ಮಣ್ಣಿನ ದಾರಿ ಇರುತ್ತದೆ, ಹೋಗಿ ನೋಡಿದರೆ ಲೇಔಟ್ ಕಾಂಪೌಂಡ್ ಎದ್ದಿರುತ್ತದೆ. ಇನ್ನೊಂದು ಕಾರಣವೂ ಇದೆ, ಅದನ್ನು ಗಿಜುಗ ಅವರೇ ಬಂದು ಹೇಳಲಿ. ಅವರು ಬರದೇ ಇರಲ್ಲ.

ಗಿಜುಗ

ಬಂದೆ ಬಂದೆ.

ಪೀಣ್ಯ ಪೆಡಲ್ ಅವರೇ, ಊರ ದಾರಿಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹುಲ್ಲುಗಾವಲಿನ ಮಧ್ಯೆ, ಒಣಗಿದ ಕೆರೆ ಅಂಗಳದಲ್ಲಿ ಓಡಿಸಬೇಡಿ. ನೋಡಿದವರಿಗೆ ಅದು ಖಾಲಿ ಬಯಲು ಅನ್ನಿಸುತ್ತದೆ. ಅದೇ ತೊಂದರೆ. ಮರ ಇದ್ದರೆ ಮಾತ್ರ ಕಾಡು ಅಂತ ನಾವು ಕಲಿತುಬಿಟ್ಟಿದ್ದೇವೆ.

ಅಲ್ಲಿನ ಹಕ್ಕಿಗಳಲ್ಲಿ ಬಹಳಷ್ಟು ನೆಲದ ಮೇಲೇ ಮೊಟ್ಟೆ ಇಡುತ್ತವೆ. ಟಿಟ್ಟಿಭ, ನೆಲಗುಬ್ಬಿ, ಪಿಪಿಟ್, ಲಾವಕ್ಕಿ. ಟಿಟ್ಟಿಭಕ್ಕೆ ಗೂಡು ಅಂತ ಒಂದು ಇರುವುದೇ ಇಲ್ಲ. ನೆಲದಲ್ಲಿ ಸಣ್ಣ ತಗ್ಗು, ಸುತ್ತ ನಾಲ್ಕು ಕಲ್ಲು, ಅಷ್ಟೇ. ಮೊಟ್ಟೆಯ ಬಣ್ಣ ಸುತ್ತಲಿನ ಜಲ್ಲಿಯದ್ದೇ. ಮಾರ್ಚ್‌ನಿಂದ ಮಳೆಗಾಲದವರೆಗೆ ಈ ಕೆಲಸ ನಡೆಯುತ್ತದೆ. ಚಳಿಗಾಲದಲ್ಲಿ ಹೊರದೇಶದಿಂದ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು ಬರುತ್ತವೆ. ಅವೂ ರಾತ್ರಿ ಮಲಗುವುದು ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದಲ್ಲಿ. ಬೆಳಗಿನ ಜಾವ ಹೆಡ್‌ಲೈಟ್ ಹಾಕಿಕೊಂಡು ನೀವು ಅಲ್ಲಿಗೆ ನುಗ್ಗಿದರೆ ಏನಾಗುತ್ತದೆ, ಯೋಚಿಸಿ.

ಜಿಪಿಎಕ್ಸ್ ವಿಷಯ. ಒಬ್ಬ ಹೋದರೆ ಗೆರೆ. ಅದನ್ನು ಸ್ಟ್ರಾವಾ ಎಂಬ ಸವಾರಿ ದಾಖಲಿಸುವ ಆ್ಯಪ್‌ಗೆ ಹಾಕಿದರೆ ಹತ್ತು ಜನ ಹೋಗುತ್ತಾರೆ. ಹೆಚ್ಚು ಜನ ಓಡಾಡಿದ ಜಾಗ ತೋರಿಸುವ ಅದರ ಹೀಟ್‌ಮ್ಯಾಪ್‌ನಲ್ಲಿ ಅದು ಹೊಳೆಯುವ ದಾರಿ ಆಗುತ್ತದೆ. ಆಮೇಲೆ ರೂಟ್ ಹಾಕುವ ಆ್ಯಪ್ ತಾನಾಗಿಯೇ ಹೊಸಬರನ್ನು ಅಲ್ಲಿಗೆ ಕಳಿಸುತ್ತದೆ. ಒಂದು ಮಳೆಗಾಲದ ಹಿಂದೆ ದನ ನಡೆದ ಜಾಡು, ಈಗ ಮೋಟರ್‌ಬೈಕ್ ಓಡುವ ದಾರಿ. ಹೀಗೆ ಆಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಸೋಮಾರಿ ಸವಾರ

ಇದು ಸ್ವಲ್ಪ ಜಾಸ್ತಿ ಆಯಿತು ಅಲ್ವಾ? ಆ ಬಯಲಲ್ಲಿ ಜೀಪಿನವರು ಡ್ರಿಫ್ಟ್ ಹೊಡೆಯುತ್ತಾರೆ. ಡರ್ಟ್‌ಬೈಕ್ ಹುಡುಗರು ರೀಲ್ಸ್ ಮಾಡುತ್ತಾರೆ. ಪ್ರೀ ವೆಡ್ಡಿಂಗ್ ಶೂಟ್‌ಗೆ ಹೊಗೆ ಬಾಂಬ್ ಹಚ್ಚುತ್ತಾರೆ. ಅವರನ್ನೆಲ್ಲ ಬಿಟ್ಟು ಹತ್ತು ಕೆಜಿ ಸೈಕಲ್ ತುಳಿಯುವವನಿಗೆ ಪಾಠ. ಸೈಕಲ್ಲಿಗೆ ಸದ್ದಿಲ್ಲ, ಹೊಗೆ ಇಲ್ಲ. ದನಕರು ತುಳಿಯುವುದಕ್ಕಿಂತ ನಮ್ಮ ಟೈರ್ ಏನು ದೊಡ್ಡ ಹಾನಿ ಮಾಡುತ್ತದೆ?

ಗಿಜುಗ

ಜೀಪಿನವರು ಮಾಡುವುದು ನೂರು ಪಾಲು ಕೆಟ್ಟದ್ದು, ಒಪ್ಪಿದೆ. ಆದರೆ ಅವರು ಈ ವೇದಿಕೆ ಓದುವುದಿಲ್ಲ. ನೀವು ಓದುತ್ತೀರಿ.

ಸದ್ದಿಲ್ಲ ಅನ್ನುವುದೇ ಇಲ್ಲಿ ಪೆಟ್ಟು. ಜೀಪು ಬರುವುದು ದೂರದಿಂದಲೇ ಹಕ್ಕಿಗೆ ಗೊತ್ತಾಗುತ್ತದೆ. ಸೈಕಲ್ ತೀರಾ ಹತ್ತಿರ ಬಂದಮೇಲೆ ಗೊತ್ತಾಗುತ್ತದೆ, ಹಕ್ಕಿ ಗಾಬರಿಯಿಂದ ಎದ್ದು ಹಾರುತ್ತದೆ. ಎಪ್ರಿಲ್ ಬಿಸಿಲಲ್ಲಿ ಅದು ಮೊಟ್ಟೆಯ ಮೇಲೆ ಕೂರುವುದು ಬಿಸಿ ಕೊಡಲು ಮಾತ್ರ ಅಲ್ಲ, ನೆರಳು ಕೊಡಲೂ ಹೌದು. ತಾಯಿ ಎದ್ದು ಸ್ವಲ್ಪ ಹೊತ್ತು ಆಚೆ ಇದ್ದರೂ ಮೊಟ್ಟೆ ಬೆಂದುಹೋಗಬಹುದು. ಟಿಟ್ಟಿಭ ನಿಮ್ಮ ತಲೆಯ ಮೇಲೆ ಕಿರುಚುತ್ತ ಸುತ್ತುತ್ತಿದ್ದರೆ ಮೊಟ್ಟೆ ಇಲ್ಲೇ ಎಲ್ಲೋ ಇದೆ ಅಂತ. ಬಂದ ಗೆರೆಯಲ್ಲೇ ವಾಪಸ್ ಹೋಗಿ.

ಕಾಯಿದೆ ಕಣ್ಣು

ಬಿಡುತ್ತಾರಾ ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಹೆಸರಘಟ್ಟದ ಪ್ರಸ್ತಾವವನ್ನು ತಿರಸ್ಕರಿಸಿತ್ತು. ವಿಷಯ ಹೈಕೋರ್ಟಿಗೂ ಹೋಯಿತು. ಕೊನೆಗೆ 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಒಂದು ಕಾಲಕ್ಕೆ ಅಲ್ಲಿ ಫಿಲ್ಮ್ ಸಿಟಿ ಮಾಡುವ ಮಾತಿತ್ತು ಅನ್ನುವುದು ಹಳಬರಿಗೆ ನೆನಪಿರುತ್ತದೆ.

ಸಂರಕ್ಷಣಾ ಮೀಸಲು ಅಂದರೆ ಅಭಯಾರಣ್ಯ ಅಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಸಂರಕ್ಷಣಾ ಮೀಸಲಿಗೆ ಅವಕಾಶ ಕೊಡುವ ಅದರ 36ಎ ಕಲಮು ಸೇರಿದ್ದು 2002ರ ತಿದ್ದುಪಡಿಯಿಂದ. ಅಭಯಾರಣ್ಯಕ್ಕೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ ಅನ್ನುವುದು 27ನೇ ಕಲಮಿನ ಮೊದಲ ಉಪಕಲಮು. 36ಎ ಆ ಒಂದನ್ನು ಬಿಟ್ಟು ಉಳಿದ ಉಪಕಲಮುಗಳನ್ನು ಮೀಸಲಿಗೆ ಅನ್ವಯಿಸುತ್ತದೆ. ಹಾಗಾಗಿ ಮೀಸಲು ಅಂತ ಘೋಷಿಸಿದ ಮಾತ್ರಕ್ಕೆ ಪ್ರವೇಶ ನಿಷೇಧ ತಾನಾಗಿ ಬರುವುದಿಲ್ಲ. ಆದರೆ ಬೆಂಕಿ ಹಚ್ಚುವುದು, ಕಸ ಎಸೆಯುವುದು, ಪ್ರಾಣಿಗಳನ್ನು ಕಾಡಿಸುವುದು ಅಪರಾಧ. ಸೋಮಾರಿ ಹೇಳಿದ ಹೊಗೆ ಬಾಂಬ್ ಕೂಡ ಇದರಲ್ಲಿ ಸಿಕ್ಕಿಬೀಳಬಹುದು.

ಇನ್ನೊಂದು. ಅಲ್ಲಿ ಎಲ್ಲ ಜಾಗವೂ ಸಾರ್ವಜನಿಕ ಅಲ್ಲ. ಹೆಸರಘಟ್ಟ ತುಂಬ ಸರಕಾರಿ ಸಂಸ್ಥೆಗಳು. ತೋಟಗಾರಿಕೆ ಸಂಶೋಧನಾ ಸಂಸ್ಥೆ, ಕೋಳಿ ಸಾಕಣೆ ಕೇಂದ್ರ, ಜಾನುವಾರು ವೀರ್ಯ ಸಂಗ್ರಹ ಕೇಂದ್ರ. ಪಶುಸಂಗೋಪನೆ ಇಲಾಖೆಯ ಜಾಗಕ್ಕೆ ಬೇಲಿ ಇದ್ದರೆ ಅದು ಬೇಲಿಯೇ. ಮುರಿದ ಜಾಗದಲ್ಲಿ ಸೈಕಲ್ ಎತ್ತಿಕೊಂಡು ನುಗ್ಗುವುದು ಸಾಹಸ ಅಲ್ಲ.

ಸಾವನದುರ್ಗದ ಲೆಕ್ಕ ಪೂರ್ತಿ ಬೇರೆ. ಅದು ಅರಣ್ಯ ಇಲಾಖೆಯ ಕಾಡು. 1963ರ ಕರ್ನಾಟಕ ಅರಣ್ಯ ಕಾಯಿದೆ ಪ್ರಕಾರ ಮೀಸಲು ಅರಣ್ಯದ ಒಳಗೆ ಅನುಮತಿ ಇಲ್ಲದೆ ಹೋದರೆ ಅತಿಕ್ರಮ ಪ್ರವೇಶ. ಕಾಡಿನ ನಡುವೆ ಹಾದುಹೋಗುವ ಊರ ರಸ್ತೆಯಲ್ಲಿ ಹೋಗಬಹುದು. ಅದರಿಂದ ಕವಲೊಡೆದ ಕಾಡು ಜಾಡಿಗೆ ಇಳಿದರೆ ಗಾರ್ಡ್ ಸೈಕಲ್ ಹಿಡಿದು ನಿಲ್ಲಿಸಬಹುದು, ಅವರ ಕೆಲಸ ಅದು.

ಹೆಸರಘಟ್ಟದವ

ನಾನು ಸೈಕಲ್ಲಿನವನಲ್ಲ. ನನ್ನ ತಮ್ಮ ಈ ಚರ್ಚೆ ತೋರಿಸಿದ, ಓದಿದೆ. ನಮ್ಮ ಊರಿನ ಬಗ್ಗೆ ಇಷ್ಟು ಜನ ಮಾತಾಡುತ್ತಿದ್ದೀರಿ, ಊರಿನವರು ಒಬ್ಬರಾದರೂ ಮಾತಾಡಬೇಡವಾ?

ಮೀಸಲು ಅಂದ ತಕ್ಷಣ ನಮಗೆ ಬರುವ ಮೊದಲ ಯೋಚನೆ ಹಕ್ಕಿ ಅಲ್ಲ. ನಾಳೆ ಹಸು ಎಲ್ಲಿ ಮೇಯಬೇಕು ಅನ್ನುವುದು. ಬೆಂಗಳೂರಿನಿಂದ ಬಂದವರು ಕ್ಯಾಮೆರಾ ಹಿಡಿದರೆ ಪ್ರಕೃತಿ ಪ್ರೇಮಿ, ಸೈಕಲ್ ಹಿಡಿದರೆ ಕ್ರೀಡಾಪಟು, ನಾವು ದನ ಹೊಡೆದುಕೊಂಡು ಹೋದರೆ ಮಾತ್ರ ಒತ್ತುವರಿ. ಇದು ನಮಗೆ ಅರ್ಥ ಆಗುವುದಿಲ್ಲ.

ಸೈಕಲ್ಲಿನವರ ಮೇಲೆ ನನಗೆ ಸಿಟ್ಟಿಲ್ಲ. ಟೀ ಕುಡಿಯುತ್ತಾರೆ, ನಾಲ್ಕು ಇಡ್ಲಿ ತಿನ್ನುತ್ತಾರೆ, ಹೋಗುತ್ತಾರೆ. ಎರಡು ವಿಷಯ ಮಾತ್ರ. ಹೊಲದ ದಾರಿಗೆ ಅಡ್ಡ ಕೋಲು ಹಾಕಿದ್ದರೆ ತೆಗೆದವರು ಹಾಗೇ ವಾಪಸ್ ಹಾಕಿ. ಬಿಟ್ಟು ಹೋದರೆ ದನ ರಾಗಿಗೆ ನುಗ್ಗುತ್ತದೆ. ಕುರಿಮಂದೆ ಎದುರಾದರೆ ನಿಲ್ಲಿ. ಬೆಲ್ ಹೊಡೆದರೆ ಕುರಿ ದಾರಿ ಬಿಡುವುದಿಲ್ಲ, ಚದುರುತ್ತದೆ. ಆಮೇಲೆ ಕಾಯುವ ಹುಡುಗ ಅವನ್ನೆಲ್ಲ ಮತ್ತೆ ಕೂಡಿಸಬೇಕು.

ಕಾಯಿದೆ ಕಣ್ಣು

ಅಣ್ಣಾ, ನೀವು ಬರೆದದ್ದು ಒಳ್ಳೆಯದಾಯಿತು. ಒಂದು ಮಾತು ತಿಳಿದಿರಲಿ. 36ಎ ಕಲಮಿನಡಿ ಸರಕಾರದ ಜಮೀನನ್ನು ಮಾತ್ರ ಮೀಸಲು ಮಾಡಬಹುದು, ಅದೂ ಸ್ಥಳೀಯರ ಜೊತೆ ಸಮಾಲೋಚನೆ ಮಾಡಿ. ನಿಮ್ಮ ಪಟ್ಟಾ ಜಮೀನು ಅದರಲ್ಲಿ ಬರುವುದಿಲ್ಲ. ಮೀಸಲಿಗೆ ಸಲಹಾ ಸಮಿತಿ ಇರಬೇಕು, ಅದರಲ್ಲಿ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬ ಪ್ರತಿನಿಧಿ ಇರಬೇಕು ಅಂತ ಕಾಯಿದೆಯಲ್ಲೇ ಇದೆ. ಮೇಯಿಸುವ ವಿಷಯ ಅಲ್ಲಿ ಎತ್ತಿ.

ಗಿಜುಗ

ಹುಲ್ಲುಗಾವಲು ಹುಲ್ಲುಗಾವಲಾಗಿ ಉಳಿದಿರುವುದಕ್ಕೆ ಮೇಯುವ ದನವೂ ಒಂದು ಕಾರಣ. ಪೂರ್ತಿ ನಿಲ್ಲಿಸಿದರೆ ಪೊದೆ, ಜಾಲಿ ಬೆಳೆದು ಬಯಲು ಹಕ್ಕಿಗಳಿಗೇ ಜಾಗ ಇರಲ್ಲ. ಮಿತಿ ಇದ್ದರೆ ಸಾಕು. ಅಲ್ಲಿ ಗಿಡ ನೆಡುವ ಕಾರ್ಯಕ್ರಮ ಮಾಡುವವರನ್ನು ಕಂಡರೆ ನನಗೆ ಜೀಪಿನವರಿಗಿಂತ ಹೆಚ್ಚು ಭಯ. ಇದು ಬೇರೆ ಚರ್ಚೆ, ಇಲ್ಲಿಗೆ ಬಿಡುತ್ತೇನೆ.

ಮಾಗಡಿ ರಂಗಿ

ಎಲ್ಲರೂ ಉತ್ತರಕ್ಕೇ ಅಂಟಿಕೊಂಡಿದ್ದೀರಿ. ನಮ್ಮ ಕಡೆಯದ್ದು ಹೇಳುತ್ತೇನೆ. ನದಿ ಅದೇ ಅರ್ಕಾವತಿ, ಕೆಳಗೆ ಬಂದ ಮೇಲೆ ಮುಖ ಬೇರೆ. ಬಂಡೆ, ಕುರುಚಲು ಕಾಡು, ಇಳಿಜಾರು.

ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿದರೆ ತಿಪ್ಪಗೊಂಡನಹಳ್ಳಿ ಜಲಾಶಯ. ಅರ್ಕಾವತಿಗೆ ಕುಮುದ್ವತಿ ಸೇರುವ ಜಾಗದಲ್ಲಿ 1933ರಲ್ಲಿ ಆಗಿದ್ದು. ಅಣೆಕಟ್ಟಿನ ಹತ್ತಿರ ಹೋಗಲು ಬಿಡುವುದಿಲ್ಲ, ದೂರದಿಂದ ನೋಡಿ ಮುಂದೆ ಹೋಗಿ. ಇನ್ನೊಂದು ದಾರಿ ಮೈಸೂರು ರಸ್ತೆಯಿಂದ ದೊಡ್ಡ ಆಲದಮರ ದಾಟಿ ಮಂಚನಬೆಲೆಗೆ. ನನಗೆ ಇದೇ ಇಷ್ಟ. ಕೊನೆಯ ಭಾಗದಲ್ಲಿ ಸಾವನದುರ್ಗದ ಬಂಡೆ ಎದುರಿಗೆ ಬಂದು ನಿಲ್ಲುತ್ತದೆ. 1,226 ಮೀಟರ್ ಎತ್ತರದ ಬೆಟ್ಟ, ಹೆಚ್ಚಿನ ಭಾಗ ಒಂದೇ ಬಂಡೆ. 1791ರ ಡಿಸೆಂಬರಿನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ಕಡೆಯವರಿಂದ ಈ ಕೋಟೆ ಕಿತ್ತುಕೊಂಡಿತು. ಕೆಳಗಿನ ಕಾಡು ಎಷ್ಟು ದಟ್ಟ ಇತ್ತೆಂದರೆ ಫಿರಂಗಿ ಎಳೆದು ತರುವುದೇ ಅವರಿಗೆ ದೊಡ್ಡ ಕೆಲಸ ಆಗಿತ್ತಂತೆ. ಈಗಲೂ ಆ ಏರಿನಲ್ಲಿ ಸೈಕಲ್ ತಳ್ಳುವಾಗ ನನಗೆ ಅವರ ಮೇಲೆ ಸ್ವಲ್ಪ ಕನಿಕರ ಬರುತ್ತದೆ.

ಹುಷಾರಾಗಿರಬೇಕಾದ್ದು ಇಷ್ಟು. ಮಂಚನಬೆಲೆ ಜಲಾಶಯದ ನೀರಿಗೆ ಇಳಿಯಬೇಡಿ, ಬಿಸಿಲಿಗೆ ಎಷ್ಟೇ ಆಸೆ ಆಗಲಿ. ಮೇಲೆ ಶಾಂತವಾಗಿ ಕಾಣುತ್ತದೆ, ಒಳಗೆ ಆಳ, ಕೆಸರು. ಮುಳುಗಿ ಸತ್ತ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಕಾಡಿನ ಅಂಚಿನಲ್ಲಿ ಕರಡಿ, ಚಿರತೆ ಇವೆ. ಕೆಲವೊಮ್ಮೆ ಆನೆಯೂ ಬರುತ್ತದೆ. ಸೂರ್ಯ ಹುಟ್ಟಿ ಚೆನ್ನಾಗಿ ಬೆಳಕಾದ ಮೇಲೆ ಕಾಡಿನ ಭಾಗಕ್ಕೆ ಬನ್ನಿ, ಮಧ್ಯಾಹ್ನದೊಳಗೆ ಹೊರಗೆ ಬನ್ನಿ. ನಾಲ್ಕು ಗಂಟೆಗೆ ಎದ್ದು ಹೊರಡುವ ರೋಡ್ ಬೈಕ್ ಚಾಳಿ ಇಲ್ಲಿ ಬೇಡ. ಇಯರ್‌ಫೋನ್ ಬೇಡವೇ ಬೇಡ.

ಒಬ್ಬಳೇ ಹೋಗಬಹುದಾ ಅಂತ ಹುಡುಗಿಯರು ನನಗೆ ಮೆಸೇಜ್ ಮಾಡುತ್ತಾರೆ. ಹೆಸರಘಟ್ಟದ ಊರ ದಾರಿಗಳಲ್ಲಿ ಹೋಗುತ್ತೇನೆ, ವಾರದ ದಿನಗಳಲ್ಲೂ. ಸಾವನದುರ್ಗದ ಕಾಡಿನ ಭಾಗಕ್ಕೆ ಜೊತೆ ಇಲ್ಲದೆ ಹೋಗುವುದಿಲ್ಲ. ಮೊಬೈಲ್ ಸಿಗ್ನಲ್ ಹೋಗಿಬಿಡುತ್ತದೆ, ಅದೇ ಮುಖ್ಯ ಕಾರಣ. ಮನುಷ್ಯರಿಗಿಂತ ನಾಯಿಗಳ ಕಾಟ ಜಾಸ್ತಿ. ಕೋಳಿ ಅಂಗಡಿ ತ್ಯಾಜ್ಯ ಸುರಿಯುವ ತಿರುವುಗಳಲ್ಲಿ ಗುಂಪು ಇರುತ್ತದೆ. ವೇಗವಾಗಿ ತಪ್ಪಿಸಿಕೊಳ್ಳಲು ಹೋಗಬೇಡಿ, ಮಣ್ಣಿನಲ್ಲಿ ಜಾರಿ ಬೀಳುತ್ತೀರಿ. ಇಳಿದು, ಸೈಕಲ್ ಅಡ್ಡ ಇಟ್ಟುಕೊಂಡು ನಡೆಯಿರಿ. ಬಹಳಷ್ಟು ನಾಯಿಗಳಿಗೆ ಓಡುವ ಚಕ್ರದ ಮೇಲೆ ಸಿಟ್ಟು, ನಡೆಯುವವರ ಮೇಲಲ್ಲ.

ಟ್ಯೂಬ್‌ಲೆಸ್ ತಾತ

ಟೈರಿನ ಬಗ್ಗೆ ಯಾರೂ ಹೇಳಲಿಲ್ಲ. ಈ ಎರಡೂ ಕಡೆ ನಿಮ್ಮ ದೊಡ್ಡ ಶತ್ರು ಜಾಲಿ ಮುಳ್ಳು. ಬೇಲಿಗೆ ಕಡಿದು ಹಾಕಿದ್ದು ಒಣಗಿ ದಾರಿಗೆ ಚೆಲ್ಲಿರುತ್ತದೆ. ಟ್ಯೂಬ್ ಇದ್ದರೆ ದಿನವೆಲ್ಲ ಪಂಕ್ಚರ್ ಹಾಕುವುದೇ ಕೆಲಸ. ಟ್ಯೂಬ್‌ಲೆಸ್ ಮಾಡಿಸಿ. ಮುಳ್ಳು ಚುಚ್ಚಿದರೆ ಅಲ್ಲೇ ಕೀಳಬೇಡಿ. ಟೈರಿನೊಳಗೆ ತೂತು ಮುಚ್ಚಲು ಹಾಕುವ ಸೀಲಂಟ್ ದ್ರವ ಅದರ ಸುತ್ತ ಗಟ್ಟಿಯಾಗಿರುತ್ತದೆ, ಮನೆಗೆ ಬಂದು ಕಿತ್ತರಾಯಿತು. ನಮ್ಮ ಸೆಕೆಗೆ ಸೀಲಂಟ್ ಬೇಗ ಒಣಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಬಾಟಲಿ ಮೇಲೆ ಬರೆದದ್ದು ತಂಪು ದೇಶದವರಿಗೆ.

ಗಾಳಿ ಕಡಿಮೆ ಇಡಿ. ರೋಡ್ ಬೈಕಿನವರು ಗ್ರಾವೆಲ್‌ಗೆ ಬಂದಾಗಲೂ 60 ಪಿಎಸ್‌ಐ ತುಂಬಿಸಿ ಕೈ ಜುಮ್ಮೆನ್ನುತ್ತದೆ ಅಂತ ಅಳುತ್ತಾರೆ. 40 ಎಂಎಂ ಟ್ಯೂಬ್‌ಲೆಸ್, 70 ಕೆಜಿ ಸವಾರ ಅಂದರೆ 35ರ ಆಸುಪಾಸು ಸಾಕು. ಹಿಂದಿನ ಚಕ್ರಕ್ಕೆ ಒಂದೆರಡು ಜಾಸ್ತಿ. ಗ್ರಾವೆಲ್ ಬೈಕ್ ಇಲ್ಲದವರು ಚಿಂತೆ ಮಾಡಬೇಡಿ, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸಾದಾ ಎಂಟಿಬಿ (ಮೌಂಟನ್ ಬೈಕ್) ಇಲ್ಲಿಗೆ ಧಾರಾಳ ಸಾಕು. ಮಂಚನಬೆಲೆ ಕಡೆ ಇಳಿಜಾರಿಗೆ ಅದೇ ವಾಸಿ ಅಂತ ನನ್ನ ಅಭಿಪ್ರಾಯ. ಬೈಯುವವರು ಬೈಯಿರಿ.

ಮಳೆ ಬಂದ ಮಾರನೇ ದಿನ ಹೋಗಬೇಡಿ. ಕೆಂಪು ಮಣ್ಣು ಟೈರಿಗೆ ಮೆತ್ತಿ ಫ್ರೇಮಿನ ಸಂದಿಗೆ ತುಂಬಿಕೊಂಡರೆ ಚಕ್ರವೇ ತಿರುಗುವುದಿಲ್ಲ. ಆ ಮೆತ್ತನೆ ನೆಲದಲ್ಲಿ ನಿಮ್ಮ ಟೈರ್ ಹಾಕಿದ ಗೆರೆ ಗಟ್ಟಿಯಾಗಿ ಮುಂದಿನ ಮಳೆಗೆ ಸಣ್ಣ ಕಾಲುವೆ ಆಗುತ್ತದೆ, ಮಣ್ಣು ಕೊಚ್ಚಿಹೋಗುತ್ತದೆ. ಎರಡು ದಿನ ಬಿಸಿಲು ಬೀಳಲಿ.

ಬರ್ಲಿನ್ ಬಸವ

ದೂರದಿಂದ ಒಂದು ಮಾತು. ನಾನಿರುವ ಬರ್ಲಿನ್‌ನ ಉತ್ತರಕ್ಕೆ ಶೋರ್ಫ್‌ಹೈಡೆ ಖೋರಿನ್ ಅಂತ ಜೀವಗೋಳ ಮೀಸಲು ಇದೆ. 1990ರಲ್ಲಿ ಆಗಿದ್ದು, ಸುಮಾರು 1,290 ಚದರ ಕಿಲೋಮೀಟರ್. ಹಿಮಯುಗದ ಹಿಮನದಿಗಳು ಬಿಟ್ಟುಹೋದ ಕೆರೆಗಳು, ಬೀಚ್ ಮರದ ಕಾಡು. ಗ್ರಾವೆಲ್ ಬೈಕಿನವರು ವಾರಾಂತ್ಯಕ್ಕೆ ರೈಲಿನಲ್ಲಿ ಸೈಕಲ್ ಹಾಕಿಕೊಂಡು ಅಲ್ಲಿಗೆ ಹೋಗುತ್ತಾರೆ. ಸೈಕಲ್ಲಿಗೆ ಬೇರೆ ಟಿಕೆಟ್. ಎಬರ್ಸ್‌ವಾಲ್ಡೆಯಲ್ಲೋ ಆಂಗರ್‌ಮ್ಯೂಂಡೆಯಲ್ಲೋ ಇಳಿದರೆ ಕಾಡು ಹತ್ತಿರ. ಅಲ್ಲೂ ಮರಳು ದಾರಿ, ಹಳೇ ಗುಂಡುಕಲ್ಲು ಹಾಸಿದ ದಾರಿ. ಹಲ್ಲು ಉದುರುತ್ತದೆ.

ವ್ಯತ್ಯಾಸ ಏನೆಂದರೆ, ಅಲ್ಲಿ ವಲಯ ಮಾಡಿ ಫಲಕ ಹಾಕಿದ್ದಾರೆ. ಹೆಚ್ಚಿನ ಕಾಡು ದಾರಿಯಲ್ಲಿ ಸೈಕಲ್ ಬಿಡುತ್ತಾರೆ, ನಡುವಿನ ಕಟ್ಟುನಿಟ್ಟಿನ ವಲಯದಲ್ಲಿ ದಾರಿ ಬಿಟ್ಟು ಕಾಲಿಡುವಂತಿಲ್ಲ. ಗ್ರುಮ್ಸಿನ್ ಎಂಬ ಬೀಚ್ ಕಾಡು 2011ರಿಂದ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ನಾವು ಅದರ ಅಂಚಿನ ಊರುಗಳಲ್ಲಿ ಸುತ್ತಿ ಬರುತ್ತೇವೆ, ಯಾರಿಗೂ ಅದು ಕಮ್ಮಿ ಅನ್ನಿಸುವುದಿಲ್ಲ. ಕಾಡಿನಲ್ಲಿ ಸಿಗರೇಟು ವರ್ಷವಿಡೀ ನಿಷೇಧ. ಹೆಸರಘಟ್ಟದಲ್ಲೂ ಈಗಲೇ ದಾರಿ ಗುರುತು ಮಾಡಿ ಫಲಕ ಹಾಕಿದರೆ ಅರ್ಧ ಜಗಳ ಇರಲ್ಲ.

ಸೋಮಾರಿ ಸವಾರ

ಬಸವಣ್ಣ, ಇಲ್ಲಿ ಫಲಕ ಹಾಕಿದರೆ ಮಾರನೇ ದಿನ ಅದರ ಮೇಲೆ ಟ್ಯೂಷನ್ ಜಾಹೀರಾತು ಅಂಟಿಸಿರುತ್ತಾರೆ.

ಆದರೂ ಒಪ್ಪಿದೆ. ಹುಲ್ಲುಗಾವಲಿನ ಒಳಗೆ ಹೋಗದೆ ಸುತ್ತು ಹೊಡೆಯುವ ದಾರಿ ಇದ್ದರೆ ನನಗೂ ಸಾಕು. ಕೆಮ್ಮಣ್ಣು, ನೀವು ಹೇಳಿದ ಕಾಕೋಳು ಕಡೆಯಿಂದ ಮಧುರೆಗೆ ಊರ ದಾರಿಯಲ್ಲೇ ಸೇರಿಸಬಹುದಾ?

ಕೆಮ್ಮಣ್ಣು

ಸೇರಿಸಬಹುದು. ಒಂದೆರಡು ಕಡೆ ಡಾಂಬರು ಬರುತ್ತದೆ, ದೊಡ್ಡಬಳ್ಳಾಪುರ ರಸ್ತೆಯ ಕಡೆಯಿಂದ ಬರುವ ಟಿಪ್ಪರ್‌ಗಳ ಬಗ್ಗೆ ಎಚ್ಚರ. ಬಾಯಲ್ಲಿ ಹೇಳಿದರೆ ಅರ್ಥ ಆಗಲ್ಲ, ಒಟ್ಟಿಗೆ ಹೋಗೋಣ. ಸ್ಟ್ರಾವಾ ಹಾಕುವವರು ಆ ದಿನದ ರೈಡ್ ಅನ್ನು ನಿಮಗೆ ಮಾತ್ರ ಕಾಣುವ ಹಾಗೆ ಇಟ್ಟುಕೊಳ್ಳಿ. ಕೆರೆ ಅಂಚಿಗೆ ಬಂದಾಗ ನಿಲ್ಲಿಸಿ ಏರಿ ಮೇಲಿಂದ ನೋಡೋಣ. ಗಿಜುಗ, ದುರ್ಬೀನು ತನ್ನಿ.

ಗಿಜುಗ

ತರುತ್ತೇನೆ. ಆದರೆ ನಾನು ಸ್ಕೂಟರ್‌ನಲ್ಲಿ ಬಂದು ಏರಿ ಹತ್ತಿರ ಸೇರಿಕೊಳ್ಳುತ್ತೇನೆ. ಮಂಡಿ ನೋವು.

ಪೀಣ್ಯ ಪೆಡಲ್

ಇಷ್ಟೊಂದು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ನಾನು ಬರುತ್ತೇನೆ. ಟ್ಯೂಬ್‌ಲೆಸ್ ಮಾಡಿಸಿಲ್ಲ ಇನ್ನೂ, ಎರಡು ಟ್ಯೂಬ್ ಹೆಚ್ಚಿಗೆ ತಂದರೆ ನಡೆಯುತ್ತದಾ?

ಟ್ಯೂಬ್‌ಲೆಸ್ ತಾತ

ಮೂರು ತನ್ನಿ. ಪ್ಯಾಚ್ ಕಿಟ್ಟೂ ಇರಲಿ.

ಹೆಸರಘಟ್ಟದವ

ಬಂದಾಗ ಬಸ್‌ಸ್ಟ್ಯಾಂಡ್ ಹತ್ತಿರ ತಿಂಡಿ ತಿನ್ನಿ. ಭಾನುವಾರ ಆದರೆ ಒಂಬತ್ತಕ್ಕೆಲ್ಲ ಇಡ್ಲಿ ಖಾಲಿ, ಬೇಗ ಬನ್ನಿ. ಬ್ಯಾತ ಕಡೆ ಒಂದು ದಾರಿಯಲ್ಲಿ ಪೈಪ್ ಹಾಕಲು ಅಗೆದಿದ್ದಾರೆ, ಅಲ್ಲಿ ಇಳಿದು ತಳ್ಳಬೇಕಾಗುತ್ತದೆ.

ಕೆಮ್ಮಣ್ಣು

ಸರಿ, ಹಾಗಾದರೆ ಮುಂದಿನ ಭಾನುವಾರ ಬೆಳಿಗ್ಗೆ 6.30ಕ್ಕೆ ಚಿಕ್ಕಬಾಣಾವರ ರೈಲು ನಿಲ್ದಾಣದ ಮುಂದೆ. ಎಂಟು ಜನ ಮೀರಬಾರದು, ಬರುವವರು ಕೆಳಗೆ ಹೆಸರು ಹಾಕಿ. ಶುಕ್ರವಾರದ ಮೇಲೆ ಮಳೆ ಬಂದರೆ ಕ್ಯಾನ್ಸಲ್.